ಗಿಣ್ಣು ಉಣ್ಣುವ ವೀರ

ಯುದ್ಧ ಮುಗಿಸಿ ಬಂದವನಿಗೆ ಮನೆಯಲ್ಲಿ ನೆಮ್ಮದಿ ಅಂತಾರೆ. ಹಾಗೆ ಅಂದವರು ಯಾರೋ, ಅವರಂತೂ ಕೆ.ಆರ್. ಪೇಟೆ ತಾಲ್ಲೂಕಿನವರಲ್ಲ. ಗಡಿಯಲ್ಲಿ ಹದಿನೇಳು ವರ್ಷ ಇದ್ದರೂ ನನ್ನ ತಂಟೆಗೆ ಒಬ್ಬನೂ ಬಂದಿರಲಿಲ್ಲ. ಅಕ್ಕಿಹೆಬ್ಬಾಳು ಸ್ಟೇಷನ್ನಿನಲ್ಲಿ ನನ್ನ ಕಬ್ಬಿಣದ ಟ್ರಂಕು ಇಳಿದ ದಿನದಿಂದ ಇವತ್ತಿನವರೆಗೆ ಒಂದಲ್ಲ ಒಂದು ಯುದ್ಧ ನಡೆಯುತ್ತಲೇ ಇದೆ. ನಾನು ಹುಡುಕಿಕೊಂಡು ಹೋಗುವುದಿಲ್ಲ. ಯುದ್ಧವೇ ವಿಳಾಸ ಕೇಳಿಕೊಂಡು ನಮ್ಮ ಜಗುಲಿಗೆ ಬರುತ್ತದೆ. ಈಚೆಗೆ ನಡೆದ ಒಂದನ್ನು ಹೇಳುತ್ತೇನೆ. ಅದರಲ್ಲಿ ನಾನು ತೋರಿದ ಪರಾಕ್ರಮವನ್ನು ನಾನೇ ಬರೆಯುತ್ತಿರುವುದಕ್ಕೆ ಕಾರಣ ಇಷ್ಟೇ: ಊರಲ್ಲಿ ಬೇರೆ ಯಾರೂ ಬರೆಯಲು ಒಪ್ಪಲಿಲ್ಲ.

ಹೇಸರಗತ್ತೆಯ ಕನ್ನಡ

ಮೊದಲು ನನ್ನ ಸೇನಾ ದಾಖಲೆ. ನಾನು ಫಿರಂಗಿ ಹಾರಿಸುತ್ತಿದ್ದೆ ಅಂತ ನಮ್ಮೂರಲ್ಲಿ ಒಂದು ಸುದ್ದಿ ಇದೆ. ಅದನ್ನು ಹಬ್ಬಿಸಿದವನು ನಾನೇ. ನಿಜವಾಗಿ ನಾನು ಹೇಸರಗತ್ತೆ ಹೊಡೆಯುತ್ತಿದ್ದೆ. ಕುದುರೆಗೂ ಕತ್ತೆಗೂ ಹುಟ್ಟಿದ ಈ ಪ್ರಾಣಿ ಇಲ್ಲದಿದ್ದರೆ ಹಿಮದ ಬೆಟ್ಟದ ಮೇಲಿರುವ ಸಿಪಾಯಿಗೆ ಗುಂಡೂ ಇಲ್ಲ, ಬೇಳೆಯೂ ಇಲ್ಲ. ಲಾರಿ ಸೋತು ನಿಲ್ಲುವ ಜಾಗದಿಂದ ನಮ್ಮ ಕೆಲಸ ಶುರು.

ನನಗೆ ಕೊಟ್ಟದ್ದು ಒಂದು ಕಿವಿ ಹರಿದ ಗಂಡು. ಅದರ ಗೊರಸಿನ ಮೇಲೆ ನಂಬರು, ನನ್ನ ಕೊರಳಲ್ಲಿ ನಂಬರು. ಇಬ್ಬರೂ ಸರ್ಕಾರಿ ನೌಕರರೇ. ನನಗೆ ಹಿಂದಿ ಬರುತ್ತಿರಲಿಲ್ಲ. ಅದಕ್ಕೆ ಏನೂ ಬರುತ್ತಿರಲಿಲ್ಲ. ಹಾಗಾಗಿ ನಮ್ಮಪ್ಪ ಎತ್ತುಗಳಿಗೆ ಏನು ಹೇಳುತ್ತಿದ್ದನೋ ಅದನ್ನೇ ಹೇಳಿದೆ: "ನಡೀಲಾ, ನಿಮ್ಮಪ್ಪನ ಅಟ್ಟಿ ಅಂದ್ಕಂಡಿದ್ದೀಯಾ?" ನಡೆಯಿತು. ಎರಡು ವರ್ಷ ಹೀಗೇ ನಡೆಯಿತು.

ಒಂದು ದಿನ ದೊಡ್ಡ ಸಾಹೇಬರು ತಪಾಸಣೆಗೆ ಬಂದರು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ನಡುವೆ ಒಂದು ಗೇಣು ದಾರಿ. ಅಲ್ಲಿ ನಮ್ಮವನು ನಿಂತುಬಿಟ್ಟ. ಹಿಂದೆ ಸಾಲುಗಟ್ಟಿದ ಹೇಸರಗತ್ತೆಗಳೆಲ್ಲ ನಿಂತವು. ಸಾಹೇಬರು "ಚಲ್" ಅಂದರು. ಹವಾಲ್ದಾರ್ ಇಂಗ್ಲಿಷಿನಲ್ಲಿ ಅಂದ. ಒಬ್ಬ ಪಂಜಾಬಿಯಲ್ಲಿ ಅದರ ತಾಯಿಯನ್ನು ನೆನೆದ. ಊಹೂಂ. ನಾನು ಹೋಗಿ ಹರಿದ ಕಿವಿಯಲ್ಲಿ ನಮ್ಮಪ್ಪನ ಮಂತ್ರ ಹೇಳಿದೆ. ಹೊರಟಿತು. ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದು, "ಅದು ಯಾವ ಗುಪ್ತ ಸಂಕೇತ?" ಅಂತ ಕೇಳಿದರು. "ಮಂಡ್ಯ, ಸಾಬ್" ಅಂದೆ.

ನಿವೃತ್ತಿಯಾಗಿ ಬಂದ ಮೇಲೆ ಒಂದು ಫೋನ್. ನನ್ನ ಜಾಗಕ್ಕೆ ಬಂದ ಹರಿಯಾಣದವನು. "ಉಸ್ತಾದ್, ಮೂರು ದಿನದಿಂದ ನಿಂತಲ್ಲೇ ನಿಂತಿದೆ." ಫೋನಿನಲ್ಲೇ ಅವನಿಗೆ ಒಂದು ಗಂಟೆ ಪಾಠ ಮಾಡಿದೆ. ಇವತ್ತಿಗೂ ಆ ಹಿಮಾಲಯದಲ್ಲಿ ಒಬ್ಬ ಹರಿಯಾಣದವನು ಬೆಳಗಾಗೆದ್ದು "ನಡೀಲಾ, ನಿಮ್ಮಪ್ಪನ ಅಟ್ಟಿ ಅಂದ್ಕಂಡಿದ್ದೀಯಾ" ಅನ್ನುತ್ತಾನೆ. ಕನ್ನಡ ಬೆಳೆಸಿದೆವು ಅಂತ ಶಾಲು ಹೊದಿಸಿಕೊಳ್ಳುವವರೆಲ್ಲ ಇನ್ನೂ ಸಮುದ್ರಮಟ್ಟದಲ್ಲೇ ಇದ್ದಾರೆ.

ಮೂರು ಅಂತಸ್ತಿನ ಮನೆ

ನಮ್ಮೂರ ಬಾಗಿಲಲ್ಲಿ, ನಾಲೆ ಏರಿಯ ಮಗ್ಗುಲಲ್ಲಿ ಒಂದು ವೀರಗಲ್ಲಿದೆ. ಮೂರು ಅಂತಸ್ತು. ಕೆಳಗಿನದರಲ್ಲಿ ಒಬ್ಬ ಗಟ್ಟಿಗ ಕತ್ತಿ ಗುರಾಣಿ ಹಿಡಿದು ಹೊಡೆದಾಡುತ್ತಿದ್ದಾನೆ, ಕಾಲ ಬಳಿ ದನಗಳು. ನಡುವಿನದರಲ್ಲಿ ಇಬ್ಬರು ಅಪ್ಸರೆಯರು ಅವನನ್ನು ತೋಳು ಹಿಡಿದು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ನಡುವೆ ಸವೆದ ಅಕ್ಷರ, ಓದಿದವರಿಲ್ಲ. ಹೆಸರು ಗೊತ್ತಿಲ್ಲದ ಕಾರಣ ದನದಪ್ಪ ಅಂತ ಕರೆಯುತ್ತೇವೆ.

ಯಾರ ಮನೆಯಲ್ಲಿ ಹಸು ಕರು ಹಾಕಿದರೂ ಮೊದಲ ಗಿಣ್ಣು ದನದಪ್ಪನಿಗೆ. ಮುತ್ತುಗದ ಎಲೆಯ ಮೇಲೆ ಒಂದು ತುಂಡು ಇಟ್ಟು ಬಂದ ಮೇಲೇ ಮನೆಯವರ ಬಾಯಿಗೆ. ಯಾಕೆ ಅಂತ ನಮ್ಮಜ್ಜಿಗೂ ಗೊತ್ತಿರಲಿಲ್ಲ, ಅವಳ ಅಜ್ಜಿಗೂ ಗೊತ್ತಿರಲಿಲ್ಲ. ಕೊಡದಿದ್ದರೆ ಹಸು ಒದೆಯುತ್ತದೆ, ಅಷ್ಟೇ. ಸೈನ್ಯಕ್ಕೆ ಹೊರಟ ದಿನ ನಾನೂ ಅವನಿಗೆ ಮೂರು ಸುತ್ತು ಬಂದು, ನಿನ್ನ ಹಾಗೆ ಹೋರಾಡುತ್ತೇನೆ, ಆದರೆ ನಿನ್ನ ಹಾಗೆ ಕಲ್ಲಾಗುವುದು ಬೇಡ ಅಂತ ಬೇಡಿಕೊಂಡು ಹೋಗಿದ್ದೆ.

ನನ್ನ ಹೆಂಡತಿ ಪಾಂಡವಪುರದ ಕಡೆಯವಳು. ಮದುವೆಯಾಗಿ ಬಂದಾಗಿನಿಂದ ದನದಪ್ಪನ ಗಿಣ್ಣಿಗೆ ಏಲಕ್ಕಿ ಹಾಕುತ್ತಾಳೆ. ನನ್ನದಕ್ಕೆ ಹಾಕುವುದಿಲ್ಲ. ಕೇಳಿದ್ದಕ್ಕೆ, "ಅಂವ ದನ ಕಾಯಕ್ಕೋಗಿ ಸತ್ತ. ನೀವು ಕತ್ತೆ ಕಾಯಕ್ಕೋಗಿ ಪಿಂಚಣಿ ತಂದ್ರಿ" ಅಂದಳು.

ಇಂಥ ದನದಪ್ಪನ ಎದೆಯ ಮೇಲೆ ಒಂದು ಬೆಳಿಗ್ಗೆ ಕೆಂಪು ಬಣ್ಣದ ಕತ್ತರಿ ಗುರುತು. ಏರಿಯ ರಸ್ತೆ ಅಗಲ ಮಾಡುತ್ತಾರಂತೆ. ಗುತ್ತಿಗೆದಾರನ ಮೇಸ್ತ್ರಿ ಕಲ್ಲಿಗೆ ಚಪ್ಪಲಿ ಕಾಲಿಂದ ತಟ್ಟಿ ನೋಡುತ್ತಿದ್ದ. "ಒಳ್ಳೆ ಗಟ್ಟಿ ಚಪ್ಪಡಿ. ಮೋರಿ ಮೇಲೆ ಬೋರಲು ಹಾಕಿದ್ರೆ ಲಾರಿ ಓಡಾಡ್ಬೋದು."

ಬೋರಲು! ಬೆನ್ನು ತೋರಿಸದೆ ಸತ್ತವನನ್ನು ಮುಖ ಕೆಳಗೆ ಮಾಡಿ ಚರಂಡಿಗೆ! ನನಗೆ ನೆತ್ತಿಗೇರಿತು. ಮನೆಗೆ ಬಂದು ಗುಡುಗಿದೆ: "ಆ ವೀರನ ಕಲ್ಲು ಅಲ್ಲಾಡಬೇಕಾದ್ರೆ ಈ ವೀರನ ಹೆಣ ದಾಟಿ ಹೋಗಬೇಕು!"

ಹೆಂಡತಿ ಸೊಪ್ಪು ಬಿಡಿಸುತ್ತಾ ಅಂದಳು: "ಬ್ಯಾಡಿ. ಆಮೇಲೆ ನಿಮಗೂ ಒಂದು ಕಲ್ಲು ನಿಲ್ಲಿಸಬೇಕು. ಅದ್ರಲ್ಲಿ ಕತ್ತೆ ಬೇರೆ ಕೆತ್ತಿಸಬೇಕು."

ನಾನು ಹಾರಿಸಿದ ಗುಂಡು

ಸೋಮವಾರ ಜೆಸಿಬಿ ಬಂತು. ನಾನು ಟ್ರಂಕಿನಿಂದ ಸಮವಸ್ತ್ರ ತೆಗೆದೆ. ಸರ್ಕಾರದ ಬಟ್ಟೆ ಒಗೆದರೆ ಕುಗ್ಗುತ್ತದೆ, ಅದು ಸರಿ. ಮುಟ್ಟದೆ ಟ್ರಂಕಿನಲ್ಲಿ ಇಟ್ಟರೂ ಕುಗ್ಗುತ್ತದೆ ಅಂತ ಅವತ್ತೇ ಗೊತ್ತಾದದ್ದು. ಉಸಿರು ಒಳಗೆಳೆದು, ಹೆಂಡತಿ ಮೊಣಕಾಲು ಕೊಟ್ಟು ತಳ್ಳಿ, ಅಂತೂ ಪ್ಯಾಂಟಿನ ಗುಂಡಿ ಕೂತಿತು. ಆಮೇಲೆ ಮಾತಾಡುವ ಹಾಗಿಲ್ಲ, ಉಸಿರು ಬಿಡುವ ಹಾಗಿಲ್ಲ. ಹಾಗೇ ಹೋಗಿ ದನದಪ್ಪನ ಮುಂದೆ ಎದೆ ಸೆಟೆಸಿ ನಿಂತೆ.

ತಲೆಗೆ ಹಳದಿ ಹೆಲ್ಮೆಟ್ ಹಾಕಿದ ಮೇಸ್ತ್ರಿ ಹತ್ತಿರ ಬಂದ. "ಯಾರ್ರೀ ನೀವು?"

ನಾನು ಉತ್ತರ ಕೊಡಲಿಲ್ಲ. ಕೊಡಲಾಗುತ್ತಿರಲಿಲ್ಲ. ಅವನು ಅದನ್ನೇ ಧೈರ್ಯ ಅಂದುಕೊಂಡು ಒಂದು ಹೆಜ್ಜೆ ಹಿಂದೆ ಸರಿದ. "ಯಾರು ಅಂತ ಕೇಳಿದ್ದು!"

ಇನ್ನು ತಡೆಯಲಾಗಲಿಲ್ಲ. "ಭಾರತೀಯ ಸೇನೆ!" ಅಂತ ಕೂಗಿದೆ. 'ಸೇ' ಅನ್ನುವಷ್ಟರಲ್ಲಿ ಗುಂಡಿ ಕಿತ್ತು ಹಾರಿತು. ಹಿತ್ತಾಳೆಯದು. ಹೋಗಿ ಅವನ ಹೆಲ್ಮೆಟ್ಟಿಗೆ ಟಣ್ ಅಂತ ಬಡಿಯಿತು. ಮೇಸ್ತ್ರಿ ನೆಲ ಕಚ್ಚಿ ಮಲಗಿದ. ಜೆಸಿಬಿ ಡ್ರೈವರು ಎರಡೂ ಕೈ ಮೇಲೆತ್ತಿ, "ನಾನು ಬಾಡಿಗೆಗೆ ಬಂದೋನು ಸಾ" ಅಂದ.

ಅವತ್ತು ಗಾಡಿ ವಾಪಸ್ ಹೋಯಿತು. ಒಂದು ಕೈಯಲ್ಲಿ ಸೆಲ್ಯೂಟು, ಇನ್ನೊಂದು ಕೈಯಲ್ಲಿ ಪ್ಯಾಂಟು ಹಿಡಿದು ನಾನು ವಿಜಯ ಘೋಷಿಸಿದೆ. ಹದಿನೇಳು ವರ್ಷದ ಸೇವೆಯಲ್ಲಿ ಶತ್ರುವಿಗೆ ತಗುಲಿದ ನನ್ನ ಒಂದೇ ಒಂದು ಗುಂಡು ಅದು, ಅದೂ ನಿವೃತ್ತಿಯಾದ ಮೇಲೆ.

ಮಲಗಿದವನಿಗೆ ಹಾರನ್

ಗುಂಡಿಗಳು ಹೆಚ್ಚಿಗೆ ಉಳಿದಿರಲಿಲ್ಲ. ಹೊಸ ತಂತ್ರ ಬೇಕು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ನನ್ನ ಜೊತೆ ಸೈನ್ಯದಲ್ಲಿದ್ದ ಗೆಳೆಯನೊಬ್ಬ ಇದ್ದಾನೆ. ಸಲಹೆ ಕೇಳಲು ಹೋದೆ. ಅವನು ಸ್ಕೂಟರಿನಲ್ಲಿ ಕೂರಿಸಿಕೊಂಡು ಕೋಟೆ ಸುತ್ತಿಸಿದ. ಗೋಡೆ ಒಡೆದ ಜಾಗಕ್ಕೆ ಬೋರ್ಡು. ಸುಲ್ತಾನ ಬಿದ್ದ ಜಾಗಕ್ಕೆ ಬೋರ್ಡು. ಕೈದಿಗಳನ್ನು ಇಟ್ಟ ಜಾಗಕ್ಕೆ ಬೋರ್ಡು.

"ನೋಡ್ಲಾ," ಅಂದ ಗೆಳೆಯ, "ಬೋರ್ಡು ಇದ್ರೆ ಇತಿಹಾಸ. ಇಲ್ದಿದ್ರೆ ಚಪ್ಪಡಿ."

ನನ್ನ ರಕ್ತ ಕುದಿಯಿತು. ಪಟ್ಟಣದಲ್ಲಿ ಸತ್ತವರಿಗೆ ಬೋರ್ಡು, ನಮ್ಮೂರಲ್ಲಿ ಸತ್ತವನಿಗೆ ಜೆಸಿಬಿಯಾ? ನೇರ ಕಿರಂಗೂರಿಗೆ ಹೋದೆ. ಅಲ್ಲೊಬ್ಬ ಪೇಂಟರ್, ಬೆಲ್ಲದ ಲಾರಿಗಳಿಗೂ ಕಬ್ಬಿನ ಟ್ರಾಕ್ಟರುಗಳಿಗೂ ಬರೆದು ಹೆಸರು ಮಾಡಿದವನು. ತಗಡಿನ ಬೋರ್ಡಿನ ಮೇಲೆ ಬರೆಯಬೇಕಾದ ಮಾತು ಚೀಟಿಯಲ್ಲಿ ಕೊಟ್ಟೆ: 'ಇಲ್ಲಿ ಒಬ್ಬ ಮಹಾವೀರ ಮಲಗಿದ್ದಾನೆ.' ಸಂಜೆ ಬರುವಷ್ಟರಲ್ಲಿ ಗೋಣಿಚೀಲದಲ್ಲಿ ಸುತ್ತಿ ಇಟ್ಟಿದ್ದ. ಬಸ್ಸಿಗೆ ಹೊತ್ತಾಗಿತ್ತು, ಬಿಚ್ಚಿ ನೋಡಲಿಲ್ಲ. ಬಂದವನೇ ಕಲ್ಲಿನ ಪಕ್ಕ ನೆಟ್ಟು, ಚೀಲ ಎಳೆದುಹಾಕಿ, ಕತ್ತಲಲ್ಲೇ ಸೆಲ್ಯೂಟ್ ಹೊಡೆದು ಮನೆಗೆ ಹೋದೆ.

ಬೆಳಿಗ್ಗೆ ಊರೆಲ್ಲ ಹಾರಿ ಎದ್ದಿತು. ಜೆಸಿಬಿ ಡ್ರೈವರು ಕಲ್ಲಿನ ಮುಂದೆ ಗಾಡಿ ನಿಲ್ಲಿಸಿಕೊಂಡು ಒಂದೇ ಸಮನೆ ಹಾರನ್ ಒತ್ತುತ್ತಿದ್ದಾನೆ. ಎಮ್ಮೆಗಳು ಗೂಟ ಕಿತ್ತುಕೊಂಡು ಹೊಳೆ ಕಡೆ ಓಡುತ್ತಿವೆ. ನಾನು ಓಡಿ ಹೋಗಿ, "ಯಾಕ್ಲಾ, ಕಿವಿ ಕಿತ್ತೋಯ್ತದೆ!" ಅಂತ ಕಿರುಚಿದೆ.

"ನೀವೇ ತಾನೆ ಬೋರ್ಡು ಹಾಕಿರೋದು ಸಾ?" ಅಂದ.

ನೋಡಿದೆ. ಕಿರಂಗೂರಿನ ಪೇಂಟರ್ ನನ್ನ ಮಾತನ್ನು ಮುದ್ದಾಗಿ ಬರೆದು, ನಾಲ್ಕು ಮೂಲೆಗೆ ನಾಲ್ಕು ತಾವರೆ ಬಿಡಿಸಿ, ಮೂವತ್ತು ವರ್ಷದ ಅಭ್ಯಾಸಬಲದಿಂದ ಕೆಳಗೆ ದಪ್ಪ ಅಕ್ಷರದಲ್ಲಿ 'ಹಾರನ್ ಮಾಡಿ' ಅಂತ ಸೇರಿಸಿದ್ದ.

"ಏಳೂವರೆಯಿಂದ ಮಾಡ್ತಾವ್ನಿ," ಅಂದ ಡ್ರೈವರು ಬೇಜಾರಾಗಿ, "ಮನುಷ್ಯ ಏಳ್ತಾನೇ ಇಲ್ವಲ್ಲ."

ಕಲ್ಲಿನ ಜೆರಾಕ್ಸ್

ಗಲಾಟೆ ಕೇಳಿ ರಸ್ತೆಯ ಇಂಜಿನಿಯರು ಬಂದರು. ಪಾಪ, ಮೃದು ಮನುಷ್ಯ. "ಯಜಮಾನ್ರೇ, ಗುಂಡಿ, ಬೋರ್ಡು ಎಲ್ಲ ಬೇಡ. ಇವನು ಯಾರು ಅಂತ ಒಂದು ಕಾಗದ ತನ್ನಿ. ಒಂದು ವಾರ ಕೆಲಸ ನಿಲ್ಲಿಸ್ತೀನಿ" ಅಂದರು.

ಒಂದು ಕಚೇರಿಗೆ ಹೋದೆ. ಯಾವುದು ಅಂತ ಹೇಳುವುದಿಲ್ಲ, ನನಗೆ ಅಲ್ಲಿ ಇನ್ನೂ ಕೆಲಸಗಳಿವೆ. ಗುಮಾಸ್ತರು ಕೇಳಿದರು: "ಮೃತರ ಹೆಸರು?"

"ಗೊತ್ತಿಲ್ಲ."

"ಮರಣದ ದಾಖಲೆ?"

"ಕಲ್ಲೇ ದಾಖಲೆ ಸ್ವಾಮಿ."

"ಹಾಗಾದ್ರೆ ಅದರದ್ದು ಜೆರಾಕ್ಸ್ ತನ್ನಿ."

ಕಲ್ಲಿನ ಜೆರಾಕ್ಸ್! ಇವರು ನನ್ನನ್ನು ಓಡಿಸಲು ಹೇಳಿದ್ದು. ಆದರೆ ಹೇಸರಗತ್ತೆಯ ಜೊತೆ ಬಾಳಿದವನು ಅಷ್ಟು ಸುಲಭಕ್ಕೆ ನಿಂತ ಜಾಗ ಬಿಡುತ್ತಾನೆಯೇ? ನಾಗಮಂಗಲದಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಹಳೆಗನ್ನಡ ಶಾಸನ ಓದುತ್ತಾರೆ ಅಂತ ಕೇಳಿದ್ದೆ. ಹೋಗಿ ಕರೆತಂದೆ. ಒಂದು ಬಕೆಟ್, ಒಂದು ಬ್ರಷ್, ದಪ್ಪ ಕಾಗದದ ಸುರುಳಿ, ಒಂದು ಡಬ್ಬಿ ಕಾಡಿಗೆ ಮಸಿ. ಮೇಷ್ಟ್ರು ಕಲ್ಲನ್ನು ತೊಳೆಯಲು ಕೂತರು. ಗಿಣ್ಣಿನ ಕೆಳಗೆ ಎಣ್ಣೆ, ಎಣ್ಣೆಯ ಕೆಳಗೆ ಕುಂಕುಮ, ಕುಂಕುಮದ ಕೆಳಗೆ ಮತ್ತೆ ಗಿಣ್ಣು. ಮಧ್ಯಾಹ್ನದ ಹೊತ್ತಿಗೆ ಅಕ್ಷರ ಕಂಡವು. ಒದ್ದೆ ಕಾಗದ ಮೆತ್ತಿ, ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ಒತ್ತಿ, ಒಣಗಿದ ಮೇಲೆ ಎಳೆದರು. ಕಪ್ಪು ಕಾಗದದ ಮೇಲೆ ಬೆಳ್ಳಗೆ ಅಕ್ಷರ, ಬೆಳ್ಳಗೆ ವೀರ. ಜೆರಾಕ್ಸೇ!

ಊರಿಗೆ ಊರೇ ನೆರೆದಿತ್ತು. ಮೇಷ್ಟ್ರು ಓದಿ ಅರ್ಥ ಹೇಳಿದರು: "ದನಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ, ಈ ವೀರ ಒಬ್ಬನೇ ಬೆನ್ನಟ್ಟಿ ಬಂದ." ನಾವು ಚಪ್ಪಾಳೆ ತಟ್ಟಿದೆವು. "ಹಲವರನ್ನು ಕಡಿದ." ಶಿಳ್ಳೆ ಬಿತ್ತು. "ಕೊನೆಗೆ ಇದೇ ಜಾಗದಲ್ಲಿ ಬಿದ್ದು ಸ್ವರ್ಗಕ್ಕೆ ಹೋದ." ಹೆಂಗಸರು ಕಣ್ಣೊರೆಸಿಕೊಂಡರು.

"ಆ ಕಳ್ಳ ನನ್ಮಕ್ಳು ಯಾವ ಊರೋರು ಏಳಿ ಮೇಷ್ಟ್ರೇ!" ಅಂತ ನಾನು ತೋಳು ಮಡಿಸಿದೆ. "ಇವತ್ತೇ ಹೋಗಿ ಕೇಳ್ತೀನಿ!"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಬಕೆಟ್ಟು, ಬ್ರಷ್ಷು ಎತ್ತಿಕೊಂಡರು. "ನಾಗಮಂಗಲಕ್ಕೆ ಬಸ್ಸು ಎಷ್ಟೊತ್ತಿಗೆ?" ಅಂದರು.

"ಬಸ್ಸು ಇರ್ಲಿ, ಊರು ಏಳಿ!"

"ಇದೇ ಊರು," ಅಂದರು ಮೇಷ್ಟ್ರು. "ವೀರ ಪಾಂಡವಪುರದ ಕಡೆಯವನು." ಅಂತ ಹೇಳಿ ವೀರನ ಊರಿನ ಹೆಸರನ್ನೂ ಓದಿದರು.

ನನ್ನ ಹೆಂಡತಿಯ ತವರು.

ಎಲ್ಲರೂ ಅವರವರ ಕೊಟ್ಟಿಗೆಯ ಕಡೆ ಒಂದು ಸಲ ಕಳ್ಳನೋಟ ನೋಡಿದರು. ಎಲ್ಲರಿಗಿಂತ ಹಿರಿಯಜ್ಜಿ ಮಾತ್ರ ನಿಧಾನಕ್ಕೆ ಅಂದಳು: "ಅದಕ್ಕೇ ಕಣ್ರಪ್ಪಾ ಮೊದಲ ಗಿಣ್ಣು ಅಂವನಿಗೆ. ಹಾಲು ನಾವು ಕುಡಿದ್ರೂ ಹಸ ಅಂವಂದಲ್ವಾ."

ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. "ಈ ಊರಿಗೆ ಕಾಲಿಟ್ಟ ದಿನವೇ ನಮ್ಮವ್ವಂಗೆ ಏಳಿದ್ದೆ," ಅಂದಳು, "ಇವರ ಮುಖ ಯಾಕೋ ಸರಿಯಿಲ್ಲ ಅಂತ."

ಕೊನೆಯ ಕದನ

ಜೆರಾಕ್ಸ್ ನೋಡಿ ಗುಮಾಸ್ತರಿಗೆ ಖುಷಿಯೋ ಖುಷಿ. ಕಾಗದ ಬರೆದೇ ಕೊಟ್ಟರು: ವೀರನು ಬೇರೆ ಊರಿನವನಾದ್ದರಿಂದ, ಆ ಊರಿನವರು ಒಪ್ಪಿದಲ್ಲಿ ಕಲ್ಲನ್ನು ಅಲ್ಲಿಗೆ ಸಾಗಿಸಿ ರಸ್ತೆ ಕೆಲಸ ಮುಂದುವರಿಸಬಹುದು. ನಮ್ಮ ಫಿರಂಗಿಯನ್ನು ನಾನೇ ನಮ್ಮ ಕೋಟೆಗೆ ತಿರುಗಿಸಿದಂತಾಯಿತು.

ವಾರ ಮುಗಿದ ಬೆಳಿಗ್ಗೆ ಒಂದು ಕಡೆಯಿಂದ ಜೆಸಿಬಿ ಬಂತು. ಇನ್ನೊಂದು ಕಡೆಯಿಂದ ಟ್ರಾಕ್ಟರು. ಟ್ರೈಲರಿನ ತುಂಬ ಜನ, ಹಗ್ಗ, ಹಾರೆ, ಹೂವಿನ ಹಾರ. ಟ್ರಾಕ್ಟರು ಓಡಿಸುತ್ತಿದ್ದವನು ಸ್ವತಃ ನನ್ನ ಭಾಮೈದ.

"ಭಾವ, ಮನಸ್ಸಿಗೆ ಬೇಜಾರ್ ಮಾಡ್ಕಬೇಡಿ," ಅಂದ ಇಳಿಯುತ್ತಾ. "ಅಂವ ನಮ್ಮೋನು. ತಕೊಂಡೋಯ್ತೀವಿ."

ನನಗೆ ನ್ಯಾಯ ಗೊತ್ತಿತ್ತು. ಆದರೆ ನ್ಯಾಯ ಗೊತ್ತಿದ್ದ ಮಾತ್ರಕ್ಕೆ ಸೋಲಬೇಕು ಅಂತ ಯಾವ ರೂಲ್ಸಿನಲ್ಲಿದೆ? "ಅವತ್ತು ದನಾನೇ ಕೊಡ್ಲಿಲ್ಲ, ಇವತ್ತು ಕಲ್ಲು ಕೊಡ್ತೀವೇನ್ಲಾ?" ಅಂದೆ. ನಮ್ಮೂರವರು ಹೋ ಅಂದರು.

ಅವರ ಕಡೆಯ ಹಿರಿಯನೊಬ್ಬ ಕೋಲೂರಿ ಮುಂದೆ ಬಂದ. "ಅಂಗಾದ್ರೆ ದನ ಕೊಡಿ."

"ಯಾವ ದನ? ಸತ್ತು ಯಾವ ಕಾಲ ಆಯ್ತು!"

"ಮರಿಮಕ್ಕಳ ಮರಿಮಕ್ಕಳು ನಿಮ್ ಕೊಟ್ಟಿಗೇಲಿ ಇಲ್ವಾ?"

"ನಿಮ್ಮವೇ ಅಂತ ಏನು ಗುರುತು?"

"ಒದೀತವಾ?"

"ಒದೀತವೆ."

"ನಮ್ಮವೇ," ಅಂದ ಹಿರಿಯ.

ಮೇಸ್ತ್ರಿ ಹೆಲ್ಮೆಟ್ ಸರಿಮಾಡಿಕೊಂಡು ಜೆಸಿಬಿಗೆ ಸನ್ನೆ ಮಾಡಿದ. ಅವರು ತಕೊಂಡು ಹೋದರೂ ಸರಿ, ಮೋರಿಗೆ ಹಾಕಿದರೂ ಸರಿ, ಅವನಿಗೆ ಜಾಗ ಖಾಲಿಯಾದರೆ ಸಾಕು. ಭಾಮೈದನ ಕಡೆಯವರು ಹಗ್ಗ ಬಿಚ್ಚಿದರು. ಅವತ್ತೂ ಸಮವಸ್ತ್ರದಲ್ಲೇ ಬಂದಿದ್ದ ನಾನು ಪ್ಯಾಂಟಿನ ಎರಡನೇ ಗುಂಡಿಯ ಮೇಲೆ ಕೈಯಿಟ್ಟೆ.

ಆಗ ನನ್ನ ಹೆಂಡತಿ ಬಂದಳು. ಕೈಯಲ್ಲಿ ಮುತ್ತುಗದ ಎಲೆ, ಅದರ ಮೇಲೆ ಗಿಣ್ಣು. ನಮ್ಮ ಹಸು ಹಿಂದಿನ ದಿನ ಕರು ಹಾಕಿತ್ತು. ಯಾರನ್ನೂ ನೋಡದೆ ಎಲೆಯನ್ನು ದನದಪ್ಪನ ಮುಂದೆ ಇಟ್ಟಳು. ಕೈಮುಗಿದಳು. ಆಮೇಲೆ ತಿರುಗಿ, ಕಲ್ಲಿಗೆ ಬೆನ್ನು ಕೊಟ್ಟು, ಚಕ್ಕಂಬಕ್ಕಲ ಹಾಕಿ ಕೂತಳು.

"ಏಳಕ್ಕ," ಅಂದ ಭಾಮೈದ.

"ಏಳಾಕಿಲ್ಲ. ಲೇ, ಈ ಊರೋರು ನಮ್ಮೂರಿಂದ ತಂದಿದ್ರಲ್ಲಿ ಈಗ ಉಳಿದಿರೋದು ಎರಡೇ. ಒಂದು ಇಂವ, ಒಂದು ನಾನು. ನಂಗೆ ಗೊತ್ತಿಲ್ದೇನೇ ನಮ್ಮೂರೋನಿಗೆ ಇಷ್ಟು ವರ್ಷ ಏಲಕ್ಕಿ ಹಾಕಿ ಗಿಣ್ಣು ಇಕ್ಕಿದ್ದೀನಿ. ಇಲ್ಲಿ ನಂಗೆ ತವರು ಅಂತ ಇರೋದು ಇವನೊಬ್ನೇ. ಇವನ್ನ ಎತ್ತೋದಾದ್ರೆ ನನ್ನೂ ಎತ್ತು. ಎರಡೂ ಒಂದೇ ಟ್ರಿಪ್ಪಲ್ಲಿ ಓಗ್ಲಿ." ಆಮೇಲೆ ಮೇಸ್ತ್ರಿಯ ಕಡೆ ತಿರುಗಿದಳು. "ನೀನು ಮೋರಿಗೆ ಬೋರಲು ಹಾಕ್ತೀನಿ ಅಂದೆಯಂತೆ. ಬಾ, ಮೊದ್ಲು ನನ್ನ ಹಾಕು."

ಯಾರೂ ಅಲ್ಲಾಡಲಿಲ್ಲ. ನಿಂತ ಜಾಗವನ್ನು ಅಷ್ಟು ಗಟ್ಟಿಯಾಗಿ ಹಿಡಿದ ಇನ್ನೊಬ್ಬ ಯೋಧನನ್ನು ನಾನು ಹಿಮಾಲಯದಲ್ಲಿ ಮಾತ್ರ ನೋಡಿದ್ದೆ, ಒಂದು ಕಿವಿ ಹರಿದಿತ್ತು. ಹೋಲಿಕೆ ನಾಲಿಗೆಯ ತುದಿಯವರೆಗೆ ಬಂತು. ನುಂಗಿದೆ. ಹದಿನೇಳು ವರ್ಷದ ತರಬೇತಿ ಅವತ್ತು ಉಪಯೋಗಕ್ಕೆ ಬಂತು.

ಭಾಮೈದ ಅಕ್ಕನನ್ನು ನೋಡಿದ. ಕಲ್ಲನ್ನು ನೋಡಿದ. ಖಾಲಿ ಟ್ರೈಲರನ್ನು ಒಂದು ಸಲ ನೋಡಿದ. ಟ್ರಾಕ್ಟರು ಹತ್ತಿ, ಸ್ಟಾರ್ಟ್ ಮಾಡಿ, ತಿರುಗಿಸಿ, ತಂದು ಜೆಸಿಬಿಯ ಮುಂದೆ ಅಡ್ಡ ನಿಲ್ಲಿಸಿ ಕೀಲಿ ಜೇಬಿಗೆ ಹಾಕಿಕೊಂಡ. "ಈ ಕಲ್ಲು ಮುಟ್ಟೋನು ಯಾವನ್ಲಾ ಬರ್ಲಿ" ಅಂದ. ದನ ಕದ್ದ ಊರು, ದನ ಕಳೆದುಕೊಂಡ ಊರು, ಎರಡೂ ಅಷ್ಟು ಕಾಲದ ಮೇಲೆ ಮೊದಲ ಸಲ ಒಂದೇ ಸಾಲಿನಲ್ಲಿ ನಿಂತವು. ಇಂಜಿನಿಯರು ಬಂದು ಟೇಪು ಹಿಡಿದು ಎರಡು ಸಲ ಅಳೆದು, ರಸ್ತೆ ಇಲ್ಲಿ ಸ್ವಲ್ಪ ಬಾಗಬೇಕಾಗಿತ್ತು, ನಕ್ಷೆಯಲ್ಲೇ ತಪ್ಪಾಗಿದೆ ಅಂದರು. ಈಗಲೂ ಬಂದು ನೋಡಿ. ಏರಿಯ ರಸ್ತೆ ನೇರವಾಗಿ ಬಂದು, ದನದಪ್ಪನ ಮುಂದೆ ಎರಡು ಗಜ ಪಕ್ಕಕ್ಕೆ ಸರಿದು, ಮತ್ತೆ ನೇರವಾಗಿ ಹೋಗುತ್ತದೆ.

ವಿಜಯದ ಊಟ ನಮ್ಮನೆಯಲ್ಲೇ. ಟ್ರೈಲರಿನವರೆಲ್ಲ ಮುದ್ದೆ ಮುರಿದರು, ಗಿಣ್ಣು ತಿಂದರು. ಹೊರಡುವಾಗ ಭಾಮೈದನನ್ನು ಜಗುಲಿಯ ಮೂಲೆಗೆ ಕರೆದು ಕೇಳಿದೆ: "ನಿಜ ಏಳ್ಲಾ. ಅಷ್ಟು ಜನ ಕಟ್ಕೊಂಡು ಕಲ್ಲು ಒಯ್ಯಕ್ಕೆ ಬಂದೋನು, ನನ್ನ ಯೂನಿಫಾರಂ ನೋಡಿ ತಾನೆ ಮನಸ್ಸು ಬದಲಾಯಿಸಿದ್ದು?"

ಅವನು ಅಡುಗೆಮನೆಯ ಕಡೆ ಒಂದು ಸಲ ತಿರುಗಿ ನೋಡಿ, ದನಿ ತಗ್ಗಿಸಿದ.

"ಭಾವ, ನಿಮ್ಮೂರಿಗೆ ಬಂದ ಬರೀ ದನಾನ ವಾಪಸ್ ಕರ್ಕಂಡೋಗಕ್ಕೆ ಬಂದು ಅಂಥಾ ಗಂಡುಗಲಿನೇ ಕಲ್ಲಾಗೋದ. ಇನ್ನು ನಮ್ಮಕ್ಕನ್ನ ವಾಪಸ್ ಕರ್ಕಂಡೋಗೋವಂಥ ವೀರ ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ."